ಹಳೆಯ ವಾಲ್ವ್ ಟಿವಿಗೆ ಮರುಜೀವ: ವೈರಿಂಗ್ ಮತ್ತು ಬಿಡಿಭಾಗಗಳ ದುರಸ್ತಿಗೆ ಸಮಗ್ರ ಮಾರ್ಗದರ್ಶಿ

ದಶಕಗಳಿಂದ ಓಡದೆ ಮೂಲೆಯಲ್ಲಿ ಬಿದ್ದಿದ್ದ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಟಿವಿಯೊಂದು ಕೈಗೆ ಬಂದಾಗ ಯಾರಿಗಾದರೂ ಮೊದಲು ಹುಟ್ಟುವ ಆಸೆಯೆಂದರೆ, ಪ್ಲಗ್ ಸಿಕ್ಕಿಸಿ ಒಮ್ಮೆ ಸ್ವಿಚ್ ಹಾಕಿ ನೋಡೋಣ ಎಂಬುದು. ಈ ಕೆಲಸದಲ್ಲಿ ಇದಕ್ಕಿಂತ ದುಬಾರಿಯಾದ ಆಸೆ ಇನ್ನೊಂದಿಲ್ಲ. ಹಳೆಯ ಕಾಗದದ ಕೆಪಾಸಿಟರುಗಳು ತೇವ ಹೀರಿ ಸೋರತೊಡಗಿರುತ್ತವೆ, ರಬ್ಬರ್ ವೈರುಗಳ ಹೊದಿಕೆ ಬಿರಿದಿರುತ್ತದೆ. ಇಂಥ ಸೆಟ್ಟಿಗೆ ಪೂರ್ಣ ವೋಲ್ಟೇಜ್ ಕೊಟ್ಟರೆ ಎಲ್ಲ ಕಡೆ ಸಿಗುವ ಒಂದು ಸಣ್ಣ ಕೆಪಾಸಿಟರಿನ ದೋಷವು, ಚಿತ್ರದ ಅಡ್ಡಗೆರೆಗಳನ್ನು ಎಳೆಯುವ, ಎಲ್ಲಿಯೂ ಸಿಗದ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ನಿಮಿಷದೊಳಗೆ ಸುಟ್ಟುಹಾಕಬಲ್ಲದು. ಆದ್ದರಿಂದ ಈ ಬರಹದಲ್ಲಿ ಸ್ವಿಚ್ ಹಾಕುವ ಹಂತವು ಬಹಳ ತಡವಾಗಿ ಬರುತ್ತದೆ.

ಇಲ್ಲಿ ಮುಖ್ಯವಾಗಿ 1950 ಮತ್ತು 1960ರ ದಶಕಗಳ ಕಪ್ಪು-ಬಿಳುಪು ವಾಲ್ವ್ ಸೆಟ್ಟುಗಳನ್ನು ಗಮನದಲ್ಲಿ ಇರಿಸಿಕೊಳ್ಳಲಾಗಿದೆ. ವಾಲ್ವ್ ಮತ್ತು ಟ್ರಾನ್ಸಿಸ್ಟರ್ ಎರಡೂ ಇರುವ ನಂತರದ ಹೈಬ್ರಿಡ್ ಸೆಟ್ಟುಗಳಿಗೂ ಇದರಲ್ಲಿನ ಬಹುಪಾಲು ಅನ್ವಯಿಸುತ್ತದೆ. ಬಣ್ಣದ ವಾಲ್ವ್ ಸೆಟ್ಟುಗಳಲ್ಲಿ ಪಿಕ್ಚರ್ ಟ್ಯೂಬಿಗೆ ಸುಮಾರು 25,000 ವೋಲ್ಟ್ ಬೇಕಾಗುತ್ತದೆ, ಹೊಂದಾಣಿಕೆಗಳ ಸಂಖ್ಯೆಯೂ ಹಲವು ಪಟ್ಟು ಹೆಚ್ಚು; ಮೊದಲ ಕೆಲಸಕ್ಕೆ ಅವು ತಕ್ಕವಲ್ಲ.

ಅಪಾಯಗಳನ್ನು ಅರಿತು ಕೈ ಹಾಕುವುದು

ಮೊದಲನೆಯದು ಚಾಸಿಯ, ಅಂದರೆ ಬಿಡಿಭಾಗಗಳನ್ನು ಕೂರಿಸಿರುವ ಲೋಹದ ಚೌಕಟ್ಟಿನ ಅಪಾಯ. ಯೂರೋಪಿನ ಬಹುತೇಕ ಸೆಟ್ಟುಗಳಲ್ಲಿಯೂ ಅಮೆರಿಕದ ಹಲವು ಅಗ್ಗದ ಸೆಟ್ಟುಗಳಲ್ಲಿಯೂ ಮೇನ್ಸ್ (ಮನೆಯ ವಿದ್ಯುತ್ ಪೂರೈಕೆ) ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. ವಾಲ್ವುಗಳ ಹೀಟರುಗಳೆಲ್ಲ ಸರಣಿಯಲ್ಲಿ ಜೋಡಣೆಯಾಗಿದ್ದು, ಲೋಹದ ಚಾಸಿಯು ಮೇನ್ಸಿನ ಒಂದು ತಂತಿಗೆ ನೇರವಾಗಿ ಸೇರಿರುತ್ತದೆ. ಪ್ಲಗ್ ತಿರುಗುಮುರುಗಾದರೆ ಇಡೀ ಚಾಸಿಯೇ ಫೇಸ್ ಆಗುತ್ತದೆ. ಕ್ಯಾಬಿನೆಟ್ಟಿನಿಂದ ಹೊರತೆಗೆದ ಸೆಟ್ಟಿನ ಮೇಲೆ ಕೆಲಸ ಮಾಡುವಾಗ, ಅದನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ಟಿವಿಯು 150ರಿಂದ 200 ವ್ಯಾಟ್ ಎಳೆಯುತ್ತದೆಯಾದರೂ, ಅರ್ಧತರಂಗ ರೆಕ್ಟಿಫೈಯರ್ ಇರುವ ಸೆಟ್ಟು ಟ್ರಾನ್ಸ್‌ಫಾರ್ಮರಿನಿಂದ ಒಂದೇ ದಿಕ್ಕಿನ ಪ್ರವಾಹವನ್ನು ಎಳೆದು ಅದನ್ನು ಬಿಸಿ ಮಾಡುವುದರಿಂದ 500 ವಿಎ ಸಾಮರ್ಥ್ಯದ್ದನ್ನು ಆರಿಸುವುದು ಮೇಲು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದೆಯೆಂದು ಮೈಮರೆಯುವಂತಿಲ್ಲ: ಅದರ ಎರಡು ತುದಿಗಳ ನಡುವೆ ನಿಮ್ಮ ದೇಹ ಸಿಕ್ಕಿಕೊಂಡರೆ ಮನೆಯ ಸೋರಿಕೆ-ರಕ್ಷಕ ಸ್ವಿಚ್ಚು ಬೀಳುವುದಿಲ್ಲ. ಸೆಟ್ಟಿನಲ್ಲಿ ವಿದ್ಯುತ್ ಇರುವಾಗ ಒಂದೇ ಕೈ ಬಳಸುವ, ಇನ್ನೊಂದನ್ನು ಬೆನ್ನ ಹಿಂದೆ ಇಡುವ ಹಳೆಯ ಮೆಕ್ಯಾನಿಕರ ರೂಢಿ ಇಂದಿಗೂ ಸರಿಯೇ.

ಎರಡನೆಯದು ಸ್ವಿಚ್ ಆರಿಸಿದ ಮೇಲೂ ಉಳಿಯುವ ಚಾರ್ಜ್. ಎಚ್‌ಟಿ (ವಾಲ್ವುಗಳನ್ನು ನಡೆಸುವ ಅಧಿಕ ಡಿಸಿ ವೋಲ್ಟೇಜ್) ಮಾರ್ಗದ ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿ 200ರಿಂದ 300 ವೋಲ್ಟ್ ನಿಂತಿರಬಹುದು. ಇವನ್ನು 1 ಕಿಲೋಓಮಿನ 10 ವ್ಯಾಟ್ ವೈರ್‌ವೂಂಡ್ ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಿಂದ ಸೊನ್ನೆಯಾಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಪಿಕ್ಚರ್ ಟ್ಯೂಬಿನ ಗಾಜು ಸ್ವತಃ ಒಂದು ಕೆಪಾಸಿಟರ್. ಒಳಗಿನ ಲೇಪ ಮತ್ತು ಹೊರಗಿನ ಗ್ರಾಫೈಟ್ ಲೇಪಗಳ ನಡುವೆ 10ರಿಂದ 18 ಸಾವಿರ ವೋಲ್ಟಿನ ಚಾರ್ಜ್ ಕುಳಿತಿರುತ್ತದೆ. ಅಧಿಕ ವೋಲ್ಟೇಜಿಗೆ ತಕ್ಕ ರೆಸಿಸ್ಟರ್ ಸೇರಿಸಿದ, ಉದ್ದ ಹಿಡಿಕೆಯ ಡಿಸ್‌ಚಾರ್ಜ್ ಕಡ್ಡಿಯ ಒಂದು ತುದಿಯನ್ನು ಮೊದಲು ಹೊರಲೇಪಕ್ಕೆ ತಾಗಿರುವ ಸ್ಪ್ರಿಂಗಿಗೆ ಕಚ್ಚಿಸಿ, ಅನಂತರವೇ ಇನ್ನೊಂದು ತುದಿಯನ್ನು ಆನೋಡಿನ (ಅಧಿಕ ವೋಲ್ಟೇಜ್ ಸೇರುವ ಜಾಗದ) ರಬ್ಬರ್ ಟೊಪ್ಪಿಗೆಯ ಅಡಿಗೆ ತೂರಿಸಬೇಕು. ಒಮ್ಮೆ ಖಾಲಿಯಾದ ಗಾಜು ತನ್ನೊಳಗೆ ಹೀರಿಕೊಂಡಿದ್ದ ಚಾರ್ಜನ್ನು ಮೆಲ್ಲನೆ ಹೊರಹಾಕುವುದರಿಂದ ಕೆಲವು ನಿಮಿಷ ಬಿಟ್ಟು ಇದನ್ನೇ ಮತ್ತೆ ಮಾಡಬೇಕಾಗುತ್ತದೆ. 1950ರ ದಶಕದ ಕೆಲವು ಅಮೆರಿಕನ್ ಸೆಟ್ಟುಗಳಲ್ಲಿ ಪಿಕ್ಚರ್ ಟ್ಯೂಬಿನ ಶಂಕುವಿನ ಭಾಗ ಲೋಹದ್ದಾಗಿದ್ದು, ಆ ಲೋಹದ ಮೇಲೆಯೇ ಇಎಚ್‌ಟಿ (ಪಿಕ್ಚರ್ ಟ್ಯೂಬಿನ ಈ ಅತಿ ಅಧಿಕ ವೋಲ್ಟೇಜ್) ಇರುತ್ತದೆ ಎಂಬುದು ನೆನಪಿರಲಿ. ಇನ್ನೂ ಹಿಂದಿನ, ಮೇನ್ಸ್ ಟ್ರಾನ್ಸ್‌ಫಾರ್ಮರಿನಿಂದಲೇ ಸಾವಿರಾರು ವೋಲ್ಟ್ ಪಡೆಯುತ್ತಿದ್ದ ಸೆಟ್ಟುಗಳು ಮುಟ್ಟಿದವರನ್ನು ಕೊಲ್ಲುವಷ್ಟು ಪ್ರವಾಹ ಕೊಡಬಲ್ಲವು. ಅವನ್ನು ಅನುಭವಿಗಳಿಗೇ ಬಿಡುವುದು ಲೇಸು.

ಮೂರನೆಯದು ಪಿಕ್ಚರ್ ಟ್ಯೂಬಿನೊಳಗಿನ ನಿರ್ವಾತ; ಟ್ಯೂಬು ಒಡೆದರೆ ಗಾಜಿನ ಚೂರುಗಳು ರಭಸದಿಂದ ಸಿಡಿಯುತ್ತವೆ. ಟ್ಯೂಬನ್ನು ಕುತ್ತಿಗೆಯಿಂದ ಹಿಡಿದು ಎತ್ತಬಾರದು, ಸುರಕ್ಷತಾ ಕನ್ನಡಕವಿಲ್ಲದೆ ಅದರ ಬಳಿ ಕೆಲಸ ಮಾಡಬಾರದು, ಅದರ ಮೇಲೆ ಸ್ಪ್ಯಾನರನ್ನೋ ಸ್ಕ್ರೂಡ್ರೈವರನ್ನೋ ಇಡಬಾರದು. ಇವುಗಳ ಜೊತೆಗೆ, ಬಿಸಿಯಾಗುವ ದೊಡ್ಡ ರೆಸಿಸ್ಟರುಗಳ ಪಕ್ಕದಲ್ಲಿ ಬೂದು-ಬಿಳಿ ಬಣ್ಣದ ನಾರಿನ ಹಾಳೆ ಕಂಡರೆ ಅದು ಆಸ್ಬೆಸ್ಟಾಸ್ ಇರಬಹುದೆಂದು ಭಾವಿಸಿ ಕೆರೆಯದೆ, ಊದದೆ ಬಿಡಬೇಕು.

ದಾಖಲೆ ಮಾಡಿಕೊಳ್ಳುವುದು

ಸೆಟ್ಟಿನ ಮಾದರಿ ಸಂಖ್ಯೆ ಹಿಂಬದಿಯ ಮುಚ್ಚಳದ ಮೇಲೋ ಚಾಸಿಯ ಮೇಲೋ ಅಚ್ಚಾಗಿರುತ್ತದೆ. ಅದನ್ನು ಹಿಡಿದು ಸರ್ವೀಸ್ ಮ್ಯಾನ್ಯುಯಲ್ ಹುಡುಕಬೇಕು. ಸರ್ಕ್ಯೂಟ್ ನಕ್ಷೆ, ಪ್ರತಿ ವಾಲ್ವಿನ ಪಿನ್ನುಗಳಲ್ಲಿ ಇರಬೇಕಾದ ವೋಲ್ಟೇಜಿನ ಪಟ್ಟಿ, ಬಿಡಿಭಾಗಗಳ ಸ್ಥಾನ ಸೂಚಿಸುವ ಚಿತ್ರ, ಈ ಮೂರೂ ಇಲ್ಲದೆ ಟಿವಿಯ ಕೆಲಸ ಮಾಡಬಹುದೆಂದು ಹೇಳುವವರಿದ್ದಾರೆ; ರೇಡಿಯೊದ ಮಟ್ಟಿಗೆ ಅದು ನಿಜವಿರಬಹುದು, ಟಿವಿಯ ಮಟ್ಟಿಗೆ ನಾನು ಒಪ್ಪುವುದಿಲ್ಲ.

ಯಾವುದನ್ನೂ ಬಿಚ್ಚುವ ಮೊದಲು ಚಾಸಿಯ ಎರಡೂ ಬದಿಗಳ ಫೋಟೊಗಳನ್ನು ಬೇರೆ ಬೇರೆ ಕೋನಗಳಿಂದ, ಒಳ್ಳೆಯ ಬೆಳಕಿನಲ್ಲಿ ತೆಗೆದುಕೊಳ್ಳಬೇಕು. ವಾಲ್ವುಗಳನ್ನು ತೆಗೆಯುವಾಗ ಯಾವುದು ಯಾವ ಸಾಕೆಟ್ಟಿನದೆಂದು ಬರೆದಿಟ್ಟುಕೊಳ್ಳುವುದು ಅಗತ್ಯ, ಏಕೆಂದರೆ ಇಎಫ್80, ಪಿಸಿಎಫ್80, ಪಿಸಿಎಲ್82 ಎಲ್ಲಕ್ಕೂ ಒಂದೇ ಬಗೆಯ ಒಂಬತ್ತು ಪಿನ್ನಿನ ಬುಡವಿದ್ದು, ತಪ್ಪು ಸಾಕೆಟ್ಟಿನಲ್ಲಿಯೂ ಅವು ಸರಾಗವಾಗಿ ಕೂರುತ್ತವೆ. 1950ರ ದಶಕದ ಮೊದಲರ್ಧದ ಕೆಲವು ಪಿಕ್ಚರ್ ಟ್ಯೂಬುಗಳ ಕುತ್ತಿಗೆಯ ಮೇಲೆ ಅಯಾನ್ ಟ್ರ್ಯಾಪ್ ಎಂಬ ಸಣ್ಣ ಅಯಸ್ಕಾಂತವಿರುತ್ತದೆ. ಅದರ ಸ್ಥಾನವನ್ನೂ ದಿಕ್ಕನ್ನೂ ಗುರುತು ಮಾಡಿಕೊಳ್ಳದೆ ಸರಿಸಿದರೆ ಮುಂದೆ ಎಲ್ಲವೂ ಸರಿಯಿದ್ದೂ ಪರದೆಯಲ್ಲಿ ಬೆಳಕೇ ಬಾರದೆ ದಿನಗಟ್ಟಲೆ ಸುಳ್ಳು ದೋಷದ ಬೆನ್ನು ಹತ್ತಬೇಕಾಗುತ್ತದೆ.

ಉಪಕರಣಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಟ್ಯಾಗುಗಳ (ತಂತಿಗಳನ್ನು ಬೆಸೆಯುವ ಲೋಹದ ಕಿವಿಗಳ) ಬೆಸುಗೆಗೆ 40ರಿಂದ 60 ವ್ಯಾಟಿನ ಸೋಲ್ಡರಿಂಗ್ ಐರನ್, ಚಾಸಿಗೇ ಬೆಸೆದಿರುವ ಜಾಗಗಳಿಗೆ ಅದಕ್ಕಿಂತ ದೊಡ್ಡದು, ಡಿಸೋಲ್ಡರ್ ಪಂಪ್, ಸೀಸ ಬೆರೆತ ಬೆಸುಗೆ ತಂತಿ, ಡಿಜಿಟಲ್ ಮಲ್ಟಿಮೀಟರ್, ಸಾಧ್ಯವಾದರೆ ಅನಲಾಗ್ ಮೀಟರ್ ಒಂದು. ಹಳೆಯ ಮ್ಯಾನ್ಯುಯಲ್ಲುಗಳ ವೋಲ್ಟೇಜುಗಳನ್ನು ಸಾಮಾನ್ಯವಾಗಿ ವೋಲ್ಟಿಗೆ 20 ಕಿಲೋಓಮಿನ ಮೀಟರಿನಲ್ಲೋ ಅದಕ್ಕಿಂತ ಕಡಿಮೆಯದರಲ್ಲೋ ಅಳೆದಿರುತ್ತಾರೆ, ಆದ್ದರಿಂದ 10 ಮೆಗಾಓಮಿನ ಡಿಜಿಟಲ್ ಮೀಟರು ವಾಲ್ವಿನೊಳಗಿನ ಗ್ರಿಡ್ (ಪ್ರವಾಹವನ್ನು ನಿಯಂತ್ರಿಸುವ ಜಾಲರಿ) ಮತ್ತು ಸ್ಕ್ರೀನ್ ಗ್ರಿಡ್ಡುಗಳಂಥ ಜಾಗಗಳಲ್ಲಿ ತುಸು ಹೆಚ್ಚು ತೋರಿಸಿದರೆ ಗಾಬರಿಯಾಗಬೇಕಿಲ್ಲ. ಇಎಚ್‌ಟಿ ಅಳೆಯಲು ಅದಕ್ಕೆಂದೇ ಇರುವ ಪ್ರೋಬ್ ಬೇಕು. ಸಾಮಾನ್ಯ ಮೀಟರಿನ ತಂತಿಯನ್ನು ಅಲ್ಲಿಗೆ ಒಯ್ಯಲೇಬಾರದು.

ಸ್ವಚ್ಛತೆ ಮತ್ತು ತಣ್ಣನೆಯ ಪರೀಕ್ಷೆ

ಧೂಳನ್ನು ಮೆದು ಬ್ರಷ್ ಮತ್ತು ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆಯಬೇಕು. ವಾಲ್ವಿನ ಗಾಜಿನ ಮೇಲಿನ ಅಕ್ಷರಗಳು ಬೆರಳ ಒರೆಸುವಿಕೆಗೇ ಅಳಿಸಿಹೋಗುವುದರಿಂದ ಆ ಭಾಗವನ್ನು ಮುಟ್ಟದೆ ಉಳಿದದ್ದನ್ನಷ್ಟೇ ಒರೆಸಬೇಕು. ಗಾಜಿನ ಒಳಬದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಗೆಟರ್ ಲೇಪವು ಹಾಲಿನ ಬಿಳುಪಿಗೆ ತಿರುಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವು ಮುಗಿದಂತೆ. ಪಿಕ್ಚರ್ ಟ್ಯೂಬಿನ ಆನೋಡಿನ ಸುತ್ತಲ ಬರಿಗಾಜಿನ ವೃತ್ತವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ಮುಂದೆ ಅಲ್ಲಿ ಕಿಡಿ ಹಾರುವುದು ತಪ್ಪುತ್ತದೆ. ಆದರೆ ಗ್ರಾಫೈಟ್ ಲೇಪವನ್ನು ಉಜ್ಜಬಾರದು. ಟ್ಯೂನರಿನ ಸಂಪರ್ಕಗಳಿಗೆ ಸ್ವಲ್ಪವೇ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಇನ್ನು ವಿದ್ಯುತ್ ಇಲ್ಲದೆ ಮಾಡುವ ಅಳತೆಗಳು. ಪಿಕ್ಚರ್ ಟ್ಯೂಬಿನ ಹೀಟರು ಓಪನ್ ಆಗಿದ್ದರೆ ಅಥವಾ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿ ಕಡಿದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥವಾದೀತಾದ್ದರಿಂದ ಅವೆರಡನ್ನು ಮೊದಲು ನೋಡಬೇಕು. ಆಮೇಲೆ ಸರಣಿ ಹೀಟರುಗಳ ಇಡೀ ಸರಪಣಿ. ಯೂರೋಪಿನ ಪಿ-ಸರಣಿಯ ವಾಲ್ವುಗಳೆಲ್ಲ 0.3 ಆಂಪಿಯರಿನಲ್ಲಿ ನಡೆಯುತ್ತವೆ; ಪಿಎಲ್36ಕ್ಕೆ 25 ವೋಲ್ಟ್, ಪಿಸಿಎಲ್82ಕ್ಕೆ 16 ವೋಲ್ಟ್, ಇವುಗಳ ಜೊತೆಗೇ ಸರಣಿಯಲ್ಲಿ ಸೇರುವ ಇಎಫ್80ಕ್ಕೆ 6.3 ವೋಲ್ಟ್, ಹೀಗೆ ವೋಲ್ಟೇಜು ಬೇರೆಯಾದರೂ ಪ್ರವಾಹ ಒಂದೇ. ಒಂದು ಹೀಟರು ಕಡಿದರೂ ಯಾವುದೂ ಬೆಳಗುವುದಿಲ್ಲ. ತಣ್ಣಗಿರುವಾಗ ಹೀಟರಿನ ರೆಸಿಸ್ಟೆನ್ಸ್ ಲೆಕ್ಕಕ್ಕಿಂತ ಬಹಳ ಕಡಿಮೆ ಕಾಣುವುದು ಸಹಜ. ಸರಪಣಿಯಲ್ಲಿರುವ ಥರ್ಮಿಸ್ಟರ್ ಮಾತ್ರ ಇದಕ್ಕೆ ವಿರುದ್ಧ: ತಣ್ಣಗಿರುವಾಗ ಹೆಚ್ಚು, ಬಿಸಿಯಾದಂತೆ ಕಡಿಮೆ. ಅದರ ತುದಿಗಳಲ್ಲಿ ಬಿರುಕಿದ್ದರೆ ಬದಲಿಸಲೇಬೇಕು. ಕೊನೆಯದಾಗಿ ಎಚ್‌ಟಿ ಮಾರ್ಗಕ್ಕೂ ಚಾಸಿಗೂ ನಡುವೆ ಶಾರ್ಟ್ ಇಲ್ಲವೆಂದು ನೋಡಿಕೊಂಡರೆ ಈ ಹಂತ ಮುಗಿಯಿತು.

ವೈರಿಂಗ್

ರಬ್ಬರ್ ಹೊದಿಕೆಯ ವೈರು ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಅದರ ನಿಜಸ್ಥಿತಿ ತಿಳಿಯಲು ಟ್ಯಾಗಿನ ಹತ್ತಿರದ ಒಂದು ಬೆರಳಿನಷ್ಟು ಉದ್ದವನ್ನು ಮೆಲ್ಲನೆ ಬಾಗಿಸಿ ನೋಡಬೇಕು. ಆಯಸ್ಸು ಮುಗಿದ ರಬ್ಬರ್ ಒಣಗಿದ ಹೆಂಟೆಯಂತೆ ಉದುರಿ ಒಳಗಿನ ತಾಮ್ರ ಬೆತ್ತಲಾಗುತ್ತದೆ. ಮೇನ್ಸ್ ವೋಲ್ಟೇಜನ್ನು ತಗ್ಗಿಸುವ ಡ್ರಾಪರ್ ರೆಸಿಸ್ಟರಿನ ಮೇಲ್ಭಾಗ, ಲೈನ್ ಔಟ್‌ಪುಟ್ ಕವಚದ ಒಳಗು, ಪಿಕ್ಚರ್ ಟ್ಯೂಬಿನ ಬುಡದ ಸಾಕೆಟ್ಟು, ಡಿಫ್ಲೆಕ್ಷನ್ ಕಾಯಿಲಿಗೆ ಹೋಗುವ ತಂತಿಗಳು, ಇವು ಬಿಸಿ ಹೆಚ್ಚು ತಗುಲುವ ಜಾಗಗಳಾದ್ದರಿಂದ ಮೊದಲು ಹಾಳಾಗುತ್ತವೆ. ಪಿವಿಸಿ ಹೊದಿಕೆಯ ವೈರುಗಳು ಸಾಮಾನ್ಯವಾಗಿ ಇನ್ನೂ ಗಟ್ಟಿಯಾಗಿರುತ್ತವೆ, ಅವನ್ನು ಮುಟ್ಟುವ ಕಾರಣವಿಲ್ಲ. ಮೇನ್ಸ್ ಕಾರ್ಡ್ ಮಾತ್ರ ಯಾವ ಸ್ಥಿತಿಯಲ್ಲಿದ್ದರೂ ಹೊಸದಾಗಬೇಕು. ಕಾರ್ಡನ್ನು ಎಳೆದರೆ ಬೆಸುಗೆಯ ಮೇಲೆ ಭಾರ ಬೀಳದಂತೆ ಹಿಡಿಕ್ಲಿಪ್ ಇರಬೇಕು, ಚಾಸಿಗೆ ಸೇರುವುದು ನ್ಯೂಟ್ರಲ್ ತಂತಿಯೇ ಆಗಬೇಕು, ಫ್ಯೂಸ್ ಫೇಸಿನ ಮಾರ್ಗದಲ್ಲಿರಬೇಕು. ಚಾಸಿ ನೇರವಾಗಿ ಮೇನ್ಸಿಗೆ ಸೇರಿರುವ ಸೆಟ್ಟಿಗೆ ಅರ್ತ್ ತಂತಿ ಜೋಡಿಸಬಾರದು.

ಬದಲಿಸುವ ವೈರಿನ ಹೊದಿಕೆಯು ಕನಿಷ್ಠ 600 ವೋಲ್ಟ್ ತಾಳುವಂಥದ್ದಾಗಿರಲಿ; ಬಿಸಿ ಜಾಗಗಳಿಗೆ ಸಿಲಿಕೋನ್ ಅಥವಾ ಪಿಟಿಎಫ್‌ಇ ಹೊದಿಕೆಯದು ಒಳ್ಳೆಯದು. ಒಂದು ವೈರನ್ನು ತೆಗೆದು, ಅದರಷ್ಟೇ ಉದ್ದದ ಅದೇ ಬಣ್ಣದ ಹೊಸದನ್ನು ಅದೇ ದಾರಿಯಲ್ಲಿ ಹಾಯಿಸಿ ಬೆಸೆದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ದಾರಿ ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. ಐಎಫ್ (ಟ್ಯೂನರಿನಿಂದ ಬಂದ ಸಂಕೇತವನ್ನು ವರ್ಧಿಸುವ) ವಿಭಾಗದಲ್ಲಿ ಆನೋಡಿನ ತಂತಿಯೊಂದು ಗ್ರಿಡ್ಡಿನ ಹತ್ತಿರ ಸರಿದರೆ ಆ ಹಂತವೇ ಆಸಿಲೇಟ್ ಆಗತೊಡಗಬಹುದು. ಲೈನ್ ಔಟ್‌ಪುಟ್ ವಿಭಾಗದ ತಂತಿಯು ವಿಡಿಯೊ ಹಂತದ ಪಕ್ಕ ಹಾದರೆ ಚಿತ್ರದ ಎಡಭಾಗದಲ್ಲಿ ನೆಟ್ಟನೆಯ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ತಂತಿಗಳನ್ನು ಅಂದವಾಗಿ ಕಟ್ಟಿಡುವ ಉತ್ಸಾಹದಲ್ಲಿ ಕಾರ್ಖಾನೆಯವರು ಬೇಕೆಂದೇ ಬಿಟ್ಟ ಅಂತರವನ್ನು ಕಳೆದರೆ ಇಂಥವು ಆಗುತ್ತವೆ.

ಹೊರನೋಟ ಮೂಲದಂತೆಯೇ ಇರಬೇಕೆನ್ನುವವರು ಬಟ್ಟೆಯ ಹೊರಕವಚವನ್ನು ಮೆಲ್ಲನೆ ಜಾರಿಸಿ ತೆಗೆದು ತೆಳುವಾದ ಹೊಸ ತಂತಿಯ ಮೇಲೆ ಏರಿಸಬಹುದು. ತಾಳ್ಮೆ ಬೇಡುವ ಕೆಲಸವಿದು, ಆದರೆ ಫಲಿತಾಂಶ ಚೆನ್ನಾಗಿರುತ್ತದೆ.

ಇಎಚ್‌ಟಿ ತಂತಿಯ ವಿಷಯ ಬೇರೆ. ಅದರ ಹೊದಿಕೆ ಬಿರಿದಿದ್ದರೆ 20 ಸಾವಿರ ವೋಲ್ಟಿಗಿಂತ ಹೆಚ್ಚು ತಾಳುವ ಸಿಲಿಕೋನ್ ಕೇಬಲನ್ನೇ ತರಬೇಕು. ಟೇಪ್ ಸುತ್ತಿದರೆ ನಡೆಯದು. ಅದರ ಕೊನೆಯ ಬೆಸುಗೆಯಲ್ಲಿ ಮೊನೆಯೊಂದು ಉಳಿದರೂ ಅಲ್ಲಿಂದ ಗಾಳಿಗೆ ವಿದ್ಯುತ್ ಸೋರಿ ಸುಯ್ಯೆಂಬ ಸದ್ದೂ ಓಝೋನಿನ ವಾಸನೆಯೂ ಬರುವುದರಿಂದ, ಬೇರೆಡೆ ಬಯ್ಗುಳಕ್ಕೆ ಈಡಾಗುವ ಗುಂಡನೆಯ ದಪ್ಪ ಬೆಸುಗೆಯೇ ಇಲ್ಲಿ ಬೇಕು.

ಕೆಪಾಸಿಟರುಗಳು

ಪುನರುಜ್ಜೀವನದ ಹೃದಯವಿರುವುದು ಇಲ್ಲಿ. ಮೇಣ ತುಂಬಿದ ಕಾಗದದ ಕೆಪಾಸಿಟರುಗಳನ್ನು, ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹೊಯ್ದಿದ್ದರೂ ಒಳಗೆ ಕಾಗದವೇ ಇರುವಂಥವನ್ನು, ಪರೀಕ್ಷೆಯೇ ಇಲ್ಲದೆ ಬದಲಿಸುವುದು ಸರಿಯೆಂಬುದು ನನ್ನ ನಿಲುವು. ಮಲ್ಟಿಮೀಟರಿನ ಕೆಪಾಸಿಟೆನ್ಸ್ ಅಳತೆಯು ಇವುಗಳ ವಿಷಯದಲ್ಲಿ ಮೋಸ ಮಾಡುತ್ತದೆ: ಮೀಟರು ಕೊಡುವುದು ಕೆಲವೇ ವೋಲ್ಟ್, ಸೋರಿಕೆ ಬಯಲಾಗುವುದು ನೂರಾರು ವೋಲ್ಟಿನಲ್ಲಿ.

ಸೋರಿಕೆ ಏಕೆ ಅಷ್ಟು ಅಪಾಯಕಾರಿ ಎಂಬುದಕ್ಕೆ ಒಂದು ಹಂತದ ಸಂಕೇತವನ್ನು ಮುಂದಿನದಕ್ಕೆ ದಾಟಿಸುವ ಕಪ್ಲಿಂಗ್ ಕೆಪಾಸಿಟರನ್ನೇ ತೆಗೆದುಕೊಳ್ಳೋಣ. ಅದರ ಒಂದು ತುದಿ ಹಿಂದಿನ ವಾಲ್ವಿನ ಆನೋಡಿನಲ್ಲಿ, ಅಂದರೆ ಸುಮಾರು 200 ವೋಲ್ಟಿನಲ್ಲಿದೆ. ಇನ್ನೊಂದು ತುದಿ ಮುಂದಿನ ವಾಲ್ವಿನ ಗ್ರಿಡ್ಡಿನಲ್ಲಿದ್ದು, ಆ ಗ್ರಿಡ್ 1 ಮೆಗಾಓಮ್ ರೆಸಿಸ್ಟರಿನ ಮೂಲಕ ಚಾಸಿಗೆ ಸೇರಿದೆ. ಕೆಪಾಸಿಟರಿನ ಸೋರಿಕೆ 10 ಮೆಗಾಓಮಿಗೆ ಸಮನಾಗಿದೆ ಎಂದುಕೊಳ್ಳಿ. ಬೆಂಚಿನ ಮೇಲೆ ಇದು ದೊಡ್ಡ ದೋಷವೆಂದು ಯಾರಿಗೂ ಅನಿಸದು. ಆದರೆ ಲೆಕ್ಕ ಹಾಕಿದರೆ 200 ವೋಲ್ಟಿನ ಹನ್ನೊಂದನೇ ಒಂದು ಪಾಲು, ಅಂದರೆ 18 ವೋಲ್ಟಿನಷ್ಟು ಧನ ವೋಲ್ಟೇಜು ಗ್ರಿಡ್ಡಿನ ಕಡೆಗೆ ನೂಕಲ್ಪಡುತ್ತದೆ. ಋಣ ವೋಲ್ಟೇಜಿನಲ್ಲಿ ಇರಬೇಕಾದ ಗ್ರಿಡ್ ಹೀಗೆ ಮೇಲೇರಿದರೆ ವಾಲ್ವು ಎಲ್ಲೆ ಮೀರಿ ಪ್ರವಾಹ ಎಳೆಯುತ್ತದೆ, ಆನೋಡಿನ ತಗಡು ಕೆಂಪಗೆ ಕಾಯುತ್ತದೆ, ಅದಕ್ಕೆ ವಿದ್ಯುತ್ ಹರಿಸುವ ಟ್ರಾನ್ಸ್‌ಫಾರ್ಮರಿನ ಸುರುಳಿ ಬೇಯುತ್ತದೆ. ಧ್ವನಿಯ ಔಟ್‌ಪುಟ್, ಫೀಲ್ಡ್ (ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಹರಡುವ) ಔಟ್‌ಪುಟ್, ಲೈನ್ ಔಟ್‌ಪುಟ್ ಮೂರಕ್ಕೂ ಈ ಮಾತು ಅನ್ವಯಿಸುತ್ತದೆ. ಇಡೀ ಸೆಟ್ಟಿನಲ್ಲಿ ಮೂರೇ ಕೆಪಾಸಿಟರ್ ಬದಲಿಸಬೇಕೆಂದು ಯಾರಾದರೂ ಷರತ್ತು ಹಾಕಿದರೆ ಈ ಮೂರನ್ನೇ ಆರಿಸಬೇಕು.

ಬದಲಿಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರುಗಳು ಬರುತ್ತವೆ. ಹಳೆಯ 0.05 ಮೈಕ್ರೊಫ್ಯಾರಡಿಗೆ ಇಂದಿನ 0.047, 0.02ಕ್ಕೆ 0.022 ಸಾಕು. ಸಾಮಾನ್ಯ ಜಾಗಗಳಿಗೆ 630 ವೋಲ್ಟಿನವನ್ನು ಬಳಸಬಹುದು. ಬೂಸ್ಟ್ ಮಾರ್ಗದಲ್ಲಿ (ಲೈನ್ ಔಟ್‌ಪುಟ್ ಹಂತವು ಎಚ್‌ಟಿಗಿಂತ ಏರಿಸಿ ಕೊಡುವ ವೋಲ್ಟೇಜಿನ ಮಾರ್ಗ) 500ರಿಂದ 800 ವೋಲ್ಟಿನವರೆಗೂ ಇರುತ್ತದಾದ್ದರಿಂದ ಅಲ್ಲಿ 1,000 ವೋಲ್ಟಿಗಿಂತ ಕಡಿಮೆಯದು ಬೇಡ. ಬೂಸ್ಟ್ ಕೆಪಾಸಿಟರಿಗೂ ಸ್ಕ್ಯಾನ್ ಕಾಯಿಲಿನ ಸರಣಿಯ ಕೆಪಾಸಿಟರಿಗೂ ಪ್ರತಿ ಲೈನಿಗೊಮ್ಮೆ ದೊಡ್ಡ ಪಲ್ಸ್ ಪ್ರವಾಹ ಹಾಯುತ್ತದೆ, ಆದ್ದರಿಂದ ಅವು ಪಲ್ಸ್ ಕೆಲಸಕ್ಕೆಂದೇ ತಯಾರಾದ ಪಾಲಿಪ್ರೊಪಿಲೀನ್ ಬಗೆಯವೇ ಆಗಿರಬೇಕು. ಮೇನ್ಸಿಗೆ ಅಡ್ಡಲಾಗಿ ಇರುವ ಫಿಲ್ಟರ್ ಕೆಪಾಸಿಟರಿಗೆ ಸುರಕ್ಷತೆಯ ಎಕ್ಸ್ ದರ್ಜೆಯದನ್ನೂ ಆಂಟೆನಾ ಸಾಕೆಟ್ಟನ್ನು ಚಾಸಿಯಿಂದ ಬೇರ್ಪಡಿಸುವ ಕೆಪಾಸಿಟರುಗಳಿಗೆ ವೈ ದರ್ಜೆಯದನ್ನೂ ಹಾಕಬೇಕು. ಆಂಟೆನಾ ತಂತಿ ಹಿಡಿದವರಿಗೂ ಮೇನ್ಸಿಗೂ ನಡುವೆ ಇರುವುದು ಇವಷ್ಟೇ.

ಸಿರಾಮಿಕ್ ಮತ್ತು ಮೈಕಾ ಕೆಪಾಸಿಟರುಗಳನ್ನು ದೋಷ ಕಂಡ ಹೊರತು ಬದಲಿಸಬಾರದು. ಅವು ಟ್ಯೂನರ್ ಮತ್ತು ಐಎಫ್ ವಿಭಾಗದ ಶ್ರುತಿಗೆ ಸೇರಿದವು.

ಎಲೆಕ್ಟ್ರೊಲಿಟಿಕ್‌ಗಳ ವಿಷಯದಲ್ಲಿ ಎರಡು ದಾರಿಗಳಿವೆ. ಚಾಸಿಯ ಮೇಲೆ ನಿಂತ ದೊಡ್ಡ ಡಬ್ಬಿಗಳು ಉಬ್ಬಿಲ್ಲದೆ, ಒಸರಿಲ್ಲದೆ ಇದ್ದರೆ ಅವನ್ನು ಸರ್ಕ್ಯೂಟಿನಿಂದ ಬಿಡಿಸಿ, ಹೊರಗಿನ ಡಿಸಿ ಮೂಲದಿಂದ 10ರಿಂದ 47 ಕಿಲೋಓಮಿನ ರೆಸಿಸ್ಟರಿನ ಮೂಲಕ ಗಂಟೆಗಟ್ಟಲೆ ಮೆಲ್ಲನೆ ವೋಲ್ಟೇಜ್ ಏರಿಸುತ್ತ ಒಳಗಿನ ಆಕ್ಸೈಡ್ ಪದರವನ್ನು ಮತ್ತೆ ಬೆಳೆಸಬಹುದು. ನಿಗದಿತ ವೋಲ್ಟೇಜಿನಲ್ಲಿ ಸೋರಿಕೆಯು ಒಂದೆರಡು ಮಿಲಿಆಂಪಿಯರಿಗೆ ಇಳಿಯದಿದ್ದರೆ ಅದನ್ನು ಕೈಬಿಡಬೇಕು. ಎರಡನೆಯ ದಾರಿ ಹೊಸದನ್ನು ಹಾಕುವುದು. ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಅದರ ಸಂಪರ್ಕಗಳನ್ನು ಪೂರ್ತಿಯಾಗಿ ಕಳಚಿ, ಹೊಸವನ್ನು ಅಡಿಯಲ್ಲಿ ಟ್ಯಾಗ್ ಪಟ್ಟಿಯೊಂದರ ಮೇಲೆ ಜೋಡಿಸಬಹುದು. ಹಳೆಯದಕ್ಕೆ ಸಮಾಂತರವಾಗಿ ಹೊಸದನ್ನು ಬೆಸೆಯುವುದು ಮಾತ್ರ ಸಲ್ಲದು. 230 ವೋಲ್ಟ್ ಮೇನ್ಸಿನ ಶೃಂಗ ವೋಲ್ಟೇಜು 325. ವಾಲ್ವುಗಳು ಬಿಸಿಯಾಗುವವರೆಗೆ ಎಚ್‌ಟಿ ಈ ಮಟ್ಟಕ್ಕೆ ಏರುವ ಸೆಟ್ಟುಗಳಿವೆ, ಆದ್ದರಿಂದ 400 ಅಥವಾ 450 ವೋಲ್ಟಿನವನ್ನು, ಸಾಕಷ್ಟು ರಿಪಲ್ ಪ್ರವಾಹ ತಾಳುವಂಥವನ್ನು ಆರಿಸಬೇಕು.

ಬೆಸುಗೆಯ ವಿಧಾನದ ಬಗ್ಗೆ ಒಂದು ಮಾತು. ಹಳೆಯ ಕಾರ್ಖಾನೆಗಳಲ್ಲಿ ಕಾಲನ್ನು ಟ್ಯಾಗಿಗೆ ಎರಡು ಸುತ್ತು ಸುತ್ತಿ ಬೆಸೆಯುತ್ತಿದ್ದರು. ಅದನ್ನು ಬಿಡಿಸಲು ಹೋಗಿ ವಾಲ್ವ್ ಸಾಕೆಟ್ಟಿನ ಟ್ಯಾಗೇ ಮುರಿದರೆ ಕೆಲಸ ಹತ್ತರಷ್ಟಾಗುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಹಳೆಯ ಕೆಪಾಸಿಟರಿನ ಒಡಲನ್ನಷ್ಟೇ ಕತ್ತರಿಸಿ, ಉಳಿದ ಸಣ್ಣ ಕಾಲಿಗೆ ಹೊಸದರ ತಂತಿಯನ್ನು ಎರಡು ಸುರುಳಿ ಮಾಡಿ ತೊಡಿಸಿ ಬೆಸೆಯುವುದೇ ಸರಿ. 1960ರ ದಶಕದ ಪ್ರಿಂಟೆಡ್ ಬೋರ್ಡುಗಳಲ್ಲಿ ತಾಮ್ರದ ಗೆರೆಗಳು ಬಿಸಿಗೆ ಎದ್ದುಬರುವುದರಿಂದ ಬಿಡಿಭಾಗದ ಒಡಲನ್ನು ಒಡೆದು ಒಂದೊಂದೇ ಕಾಲನ್ನು ಕಾಯಿಸಿ ತೆಗೆಯಬೇಕು.

ರೆಸಿಸ್ಟರುಗಳು ಮತ್ತು ರೆಕ್ಟಿಫೈಯರ್

ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರುಗಳ ಮೌಲ್ಯ ವಯಸ್ಸಾದಂತೆ ಸಾಮಾನ್ಯವಾಗಿ ಏರುತ್ತದೆ; ಹೆಚ್ಚು ಮೌಲ್ಯದವು ಹೆಚ್ಚು ಜಾರುತ್ತವೆ. ಸರ್ಕ್ಯೂಟಿನಲ್ಲಿಯೇ ಅಳೆದಾಗ ಸಮಾಂತರ ಮಾರ್ಗಗಳಿಂದಾಗಿ ಕಡಿಮೆ ತೋರಿಸಬಹುದೇ ಹೊರತು ಹೆಚ್ಚು ತೋರಿಸಲಾರದು, ಹಾಗಾಗಿ ಗುರುತಿಗಿಂತ ಶೇ 20ಕ್ಕೂ ಮಿಗಿಲಾಗಿ ಹೆಚ್ಚು ಕಂಡದ್ದನ್ನು ಅನುಮಾನಿಸದೆ ಬದಲಿಸಬಹುದು. ಕಡಿಮೆ ಕಂಡದ್ದರ ಒಂದು ಕಾಲನ್ನು ಎತ್ತಿ ಅಳೆಯಬೇಕು. ಬೂಸ್ಟ್ ಮಾರ್ಗದಿಂದ ಫೀಲ್ಡ್ ಆಸಿಲೇಟರಿಗೆ ಹೋಗುವ ಮೆಗಾಓಮ್ ರೆಸಿಸ್ಟರುಗಳು ಇಂದಿನ ಸಣ್ಣ ಗಾತ್ರದಲ್ಲಿ ಅಷ್ಟು ವೋಲ್ಟೇಜು ತಾಳವು, ಎರಡು ಮೂರನ್ನು ಸರಣಿಯಲ್ಲಿ ಹಾಕುವುದು ಇದಕ್ಕೆ ಉಪಾಯ. ಡ್ರಾಪರಿನ ಒಂದು ಭಾಗ ಕಡಿದಿದ್ದರೆ ಅಷ್ಟಕ್ಕೇ ತಕ್ಕ ವ್ಯಾಟಿನ ವೈರ್‌ವೂಂಡ್ ರೆಸಿಸ್ಟರನ್ನು, ಬೆಸುಗೆ ಕರಗದಂತೆ ಗಾಳಿಯಾಡುವ ಜಾಗದಲ್ಲಿ ಜೋಡಿಸಬಹುದು.

ರೆಕ್ಕೆಗಳಂತೆ ತಗಡುಗಳಿರುವ ಸೆಲೀನಿಯಮ್ ರೆಕ್ಟಿಫೈಯರ್ ಇದ್ದರೆ ಅದನ್ನು ಸರ್ಕ್ಯೂಟಿನಿಂದ ಬಿಡಿಸುವುದೇ ಕ್ಷೇಮ. ಅದು ಸುಟ್ಟಾಗ ಬರುವ ಕೊಳೆತ ನಾತದ ಹೊಗೆ ವಿಷಕಾರಿ. ಬದಲಿಗೆ 1ಎನ್4007 ಡಯೋಡ್ ಹಾಕಬಹುದು. ಸಿಲಿಕಾನಿನಲ್ಲಿ ವೋಲ್ಟೇಜ್ ನಷ್ಟ ತೀರ ಕಡಿಮೆಯಿರುವುದರಿಂದ ಎಚ್‌ಟಿ ಏರುತ್ತದೆ; ಸರಣಿಯಲ್ಲಿ 20ರಿಂದ 50 ಓಮಿನ 10 ವ್ಯಾಟ್ ರೆಸಿಸ್ಟರ್ ಸೇರಿಸಿ, ಮ್ಯಾನ್ಯುಯಲ್ ಹೇಳುವ ಮೌಲ್ಯಕ್ಕೆ ಎಚ್‌ಟಿ ಬರುವಂತೆ ಹೊಂದಿಸಬೇಕು.

ಮೊದಲ ವಿದ್ಯುತ್

ಮೊದಲಿಗೆ 100ರಿಂದ 150 ವ್ಯಾಟಿನ ಫಿಲಮೆಂಟ್ ಬಲ್ಬೊಂದನ್ನು ಮೇನ್ಸಿನ ಸರಣಿಯಲ್ಲಿ ಇರಿಸಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಪ್ರಕಾಶದಲ್ಲಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಬಲ್ಬಿನ ಪ್ರಯೋಜನ ಇಷ್ಟೇ. ಅದನ್ನು ಇಟ್ಟುಕೊಂಡೇ ಚಿತ್ರ ಬರಿಸಲು ಯತ್ನಿಸಬಾರದು, ಏಕೆಂದರೆ ಹೀಟರುಗಳಿಗೆ ವಿದ್ಯುತ್ ಸಾಲದೆ ಲೈನ್ ಆಸಿಲೇಟರು ಏಳದೆ ಹೋಗಬಹುದು. ವೇರಿಯಾಕ್ ಎಂಬ, ವೋಲ್ಟೇಜನ್ನು ಬೇಕಾದಂತೆ ಬದಲಿಸುವ ಟ್ರಾನ್ಸ್‌ಫಾರ್ಮರಿನಿಂದ ಮೆಲ್ಲನೆ ವೋಲ್ಟೇಜ್ ಏರಿಸುವ ಪದ್ಧತಿಯನ್ನು ಹಲವರು ಹೊಗಳುತ್ತಾರೆ. ವಾಲ್ವ್ ರೆಕ್ಟಿಫೈಯರ್ ಇರುವ ಸೆಟ್ಟಿನಲ್ಲಿ ಆ ವಾಲ್ವು ಕಾಯುವವರೆಗೆ ಎಚ್‌ಟಿಯೇ ಹುಟ್ಟದು, ಹಾಗಾಗಿ ಕೆಪಾಸಿಟರುಗಳನ್ನು ಪಳಗಿಸಲು ಅದು ಬಹಳ ಉಪಯೋಗಕ್ಕೆ ಬಾರದು.

ಲೈನ್ ಔಟ್‌ಪುಟ್ ವಾಲ್ವಿಗೆ ಬೇಕಾದ ಋಣ ಬಯಾಸ್ ಹುಟ್ಟುವುದು ಲೈನ್ ಆಸಿಲೇಟರು ಕೊಡುವ ತರಂಗದಿಂದಲೇ. ಆಸಿಲೇಟರು ನಿಂತರೆ ಬಯಾಸ್ ಇಲ್ಲ, ವಾಲ್ವು ಕೆಂಪಗಾಗುತ್ತದೆ. ಆದ್ದರಿಂದ ಮೊದಲ ಬಾರಿ ಆ ವಾಲ್ವಿನ ಸ್ಕ್ರೀನ್ ಗ್ರಿಡ್ಡಿಗೆ ಬರುವ ರೆಸಿಸ್ಟರಿನ ಒಂದು ಕಾಲನ್ನು ಕಳಚಿ ಸೆಟ್ಟನ್ನು ನಡೆಸಬೇಕು. ಸರಣಿ ಹೀಟರಿನ ಸೆಟ್ಟಿನಲ್ಲಿ ವಾಲ್ವನ್ನೇ ಕಿತ್ತರೆ ಎಲ್ಲವೂ ಆರಿಹೋಗುವುದರಿಂದ ಈ ಸುತ್ತುದಾರಿ ಬೇಕಾಗುತ್ತದೆ. ಹೀಟರುಗಳು ಕಾದ ಮೇಲೆ ನಿಯಂತ್ರಣ ಗ್ರಿಡ್ಡಿನಲ್ಲಿ ಮ್ಯಾನ್ಯುಯಲ್ ಹೇಳುವಷ್ಟು, ಸಾಮಾನ್ಯವಾಗಿ ಕೆಲವು ಹತ್ತು ವೋಲ್ಟುಗಳಷ್ಟು, ಋಣ ವೋಲ್ಟೇಜು ಕಂಡರೆ ಆಸಿಲೇಟರು ಕೆಲಸ ಮಾಡುತ್ತಿದೆ. ಕೆಲವು ಸೆಟ್ಟುಗಳಲ್ಲಿ ಆಸಿಲೇಟರಿಗೆ ಬೂಸ್ಟ್ ಮಾರ್ಗದಿಂದಲೇ ವಿದ್ಯುತ್ ಬರುವುದರಿಂದ ಈ ಪರೀಕ್ಷೆಗೆ ಮುನ್ನ ನಕ್ಷೆ ನೋಡಿಕೊಳ್ಳಬೇಕು. ಬಳಿಕ ಸ್ವಿಚ್ ಆರಿಸಿ, ಚಾರ್ಜ್ ಖಾಲಿ ಮಾಡಿ, ಸ್ಕ್ರೀನನ್ನು ಮತ್ತೆ ಜೋಡಿಸಿ, ಕೋಣೆಯ ಬೆಳಕು ತಗ್ಗಿಸಿ ಆ ವಾಲ್ವಿನ ಮೇಲೆಯೇ ಕಣ್ಣಿಟ್ಟು ಸ್ವಿಚ್ ಹಾಕಬೇಕು. ತಗಡಿನಲ್ಲಿ ಮಂದ ಕೆಂಪು ಕಂಡ ಕ್ಷಣವೇ ಆರಿಸಬೇಕು.

ಎಲ್ಲವೂ ಸರಿಯಿದ್ದರೆ ಸಣ್ಣ ಸಿಳ್ಳೆಯೊಂದು ಕೇಳಿಸುತ್ತದೆ. 625 ಲೈನಿನ ಸೆಟ್ಟಿನಲ್ಲಿ ಅದು 15,625 ಹರ್ಟ್ಸ್, ಬ್ರಿಟನ್ನಿನ 405 ಲೈನಿನ ಸೆಟ್ಟಿನಲ್ಲಿ 10,125 ಹರ್ಟ್ಸ್; ವಯಸ್ಸಾದ ಕಿವಿಗೆ ಮೊದಲನೆಯದು ಕೇಳದೆ ಇರಬಹುದು, ಎರಡನೆಯದು ಎಲ್ಲರಿಗೂ ಕಿರಿಕಿರಿಯಾಗುವಷ್ಟು ಕೇಳುತ್ತದೆ.

ಪರದೆಯನ್ನು ಓದುವುದು

ಬೆಳಕು ಬಂದ ಮೇಲೆ ಉಳಿದ ದೋಷಗಳನ್ನು ಪರದೆಯೇ ಹೇಳುತ್ತದೆ. ನಡುವೆ ಒಂದೇ ಅಡ್ಡಗೆರೆ ಇದ್ದರೆ ಫೀಲ್ಡ್ ಆಸಿಲೇಟರೋ ಔಟ್‌ಪುಟ್ಟೋ ನಿಂತಿದೆ. ಗೆರೆಯು ಪರದೆಯ ಲೇಪವನ್ನು ಸುಡದಂತೆ ಕೂಡಲೇ ಬ್ರೈಟ್‌ನೆಸ್ ತಗ್ಗಿಸಬೇಕು. ಚಿತ್ರದ ಅಡಿಭಾಗ ಅದುಮಿದಂತಿದ್ದರೆ ಫೀಲ್ಡ್ ಔಟ್‌ಪುಟ್ ವಾಲ್ವಿನ ಕ್ಯಾಥೋಡಿನಲ್ಲಿರುವ ಸಣ್ಣ ಎಲೆಕ್ಟ್ರೊಲಿಟಿಕ್ಕನ್ನು ಮೊದಲು ನೋಡಬೇಕು. ಎತ್ತರ ಸಾಲದಿದ್ದರೆ ಮೌಲ್ಯ ಏರಿದ ಮೆಗಾಓಮ್ ರೆಸಿಸ್ಟರುಗಳು, ಅಗಲ ಸಾಲದಿದ್ದರೆ ಇಳಿದ ಎಚ್‌ಟಿ ಅಥವಾ ದಣಿದ ಲೈನ್ ಔಟ್‌ಪುಟ್ ವಾಲ್ವು ಕಾರಣವಾಗಿರುತ್ತದೆ. ಬ್ರೈಟ್‌ನೆಸ್ ಏರಿಸಿದಂತೆ ಚಿತ್ರ ಉಬ್ಬಿ ಮಸುಕಾಗುತ್ತ ಹೋದರೆ ಇಎಚ್‌ಟಿ ರೆಕ್ಟಿಫೈಯರ್ ವಾಲ್ವು ದುರ್ಬಲವಾಗಿದೆ. 50 ಹರ್ಟ್ಸ್ ಮೇನ್ಸಿನಲ್ಲಿ ಒಂದೇ ಕಪ್ಪು ಪಟ್ಟಿ ಅಡ್ಡಲಾಗಿ ಕಂಡರೆ ಅರ್ಧತರಂಗ ಎಚ್‌ಟಿಯ ಫಿಲ್ಟರ್ ಕೆಪಾಸಿಟರನ್ನೋ ಯಾವುದಾದರೂ ವಾಲ್ವಿನ ಹೀಟರ್-ಕ್ಯಾಥೋಡ್ ಸೋರಿಕೆಯನ್ನೋ ಶಂಕಿಸಬೇಕು. ಎರಡು ಪಟ್ಟಿಗಳಿದ್ದರೆ ಪೂರ್ಣತರಂಗ ರೆಕ್ಟಿಫೈಯರಿನ ಫಿಲ್ಟರ್. ಚಿತ್ರ ನಿಲ್ಲದೆ ಉರುಳುತ್ತಿದ್ದರೆ, ಚಿತ್ರವನ್ನು ತಾಳಕ್ಕೆ ನಿಲ್ಲಿಸುವ ಸಂಕೇತವನ್ನು ಬೇರ್ಪಡಿಸುವ ಸಿಂಕ್ ಸೆಪರೇಟರಿನ ಸುತ್ತಲಿನ ಬಿಡಿಭಾಗಗಳು.

ಇಷ್ಟೆಲ್ಲ ಆದರೂ ಐಎಫ್ ಕಾಯಿಲುಗಳ ತಿರುಪುಗಳನ್ನು ಮುಟ್ಟಬಾರದು. ತಾವಾಗಿ ಅವು ಹೆಚ್ಚು ಜಾರುವುದಿಲ್ಲ. ಸ್ಕ್ರೂಡ್ರೈವರು ತಾಗಿದರೆ ಒಳಗಿನ ಫೆರೈಟ್ ಬಿರಿದು ಶಾಶ್ವತವಾಗಿ ಸಿಕ್ಕಿಬೀಳುತ್ತದೆ.

ಸಂಕೇತ ಮತ್ತು ಕೊನೆಯ ಹೊಂದಾಣಿಕೆ

ಅಮೆರಿಕದ ಪೂರ್ಣ ಸಾಮರ್ಥ್ಯದ ಕೇಂದ್ರಗಳು 2009ರ ಜೂನ್ 12ರಂದು, ಬ್ರಿಟನ್ 2012ರ ಅಕ್ಟೋಬರ್ 24ರಂದು ಅನಲಾಗ್ ಪ್ರಸಾರವನ್ನು ಪೂರ್ತಿ ನಿಲ್ಲಿಸಿದವು. 405 ಲೈನಿನ ಪ್ರಸಾರವಂತೂ 1985ರಲ್ಲಿಯೇ ಮುಗಿದಿತ್ತು. ಹಾಗಾಗಿ ಸೆಟ್ಟಿನ ಮಾನಕಕ್ಕೂ ಚಾನೆಲ್ಲಿಗೂ ಹೊಂದುವ, ವಿಡಿಯೊವನ್ನು ಟಿವಿ ಚಾನೆಲ್ಲಿನ ಸಂಕೇತವಾಗಿಸುವ ಆರ್‌ಎಫ್ ಮಾಡ್ಯುಲೇಟರ್ ಬೇಕು, 405 ಲೈನಿನ ಸೆಟ್ಟಾದರೆ ಲೈನುಗಳ ಸಂಖ್ಯೆ ಬದಲಿಸುವ ಸ್ಟ್ಯಾಂಡರ್ಡ್ಸ್ ಕನ್ವರ್ಟರೂ ಬೇಕು. ಚಾಸಿ ಮೇನ್ಸಿಗೆ ಸೇರಿರುವ ಸೆಟ್ಟಿನೊಳಗೆ ತಂತಿ ಎಳೆದು ವಿಡಿಯೊ ಪ್ಲೇಯರನ್ನು ನೇರವಾಗಿ ಜೋಡಿಸುವ ಉಪಾಯ ಆಗಾಗ ಕೇಳಿಬರುತ್ತದೆ. ಹಾಗೆ ಮಾಡಿದರೆ ಪ್ಲೇಯರಿನ ಲೋಹದ ಒಡಲೂ ಮೇನ್ಸಿಗೆ ಸೇರಿಬಿಡುತ್ತದೆ.

ಚೌಕಗಳ ಟೆಸ್ಟ್ ಪ್ಯಾಟರ್ನ್ ಹಾಕಿ, ಮೊದಲು ಹೋಲ್ಡ್ (ಚಿತ್ರ ಉರುಳದಂತೆ ನಿಲ್ಲಿಸುವುದು), ಅನಂತರ ಅಗಲ ಮತ್ತು ಎತ್ತರ, ಆಮೇಲೆ ಲಿನಿಯಾರಿಟಿ (ಚೌಕಗಳೆಲ್ಲ ಸಮನಾಗುವಂತೆ ಮಾಡುವುದು), ಕೊನೆಗೆ ಚಿತ್ರವನ್ನು ನಡುವಿಗೆ ತರುವುದು ಮತ್ತು ಫೋಕಸ್, ಈ ಕ್ರಮದಲ್ಲಿ ಹೊಂದಿಸಬೇಕು. ಅಯಾನ್ ಟ್ರ್ಯಾಪ್ ಇದ್ದರೆ ಅದನ್ನು ಅತಿ ಹೆಚ್ಚು ಬೆಳಕು ಬರುವ ಸ್ಥಾನದಲ್ಲಿ ನಿಲ್ಲಿಸಬೇಕೇ ಹೊರತು ಚಿತ್ರದ ಮೂಲೆಯ ನೆರಳು ತೆಗೆಯಲು ಬಳಸಬಾರದು. ಹಿಂಬದಿಯ ಮುಚ್ಚಳ ಹಾಕಿ ಮೊದಲ ದಿನ ಅರ್ಧ ಗಂಟೆ, ಬಳಿಕ ಒಂದು ಗಂಟೆ, ಆಮೇಲೆ ಮೂರು ನಾಲ್ಕು ಗಂಟೆ ನಡೆಸಿ, ಪ್ರತಿ ಬಾರಿ ಆರಿಸಿ ಚಾರ್ಜ್ ಖಾಲಿ ಮಾಡಿದ ಮೇಲೆ ಟ್ರಾನ್ಸ್‌ಫಾರ್ಮರಿನ ಮೇಣ ಕರಗಿದೆಯೇ, ಹೊಸ ಕೆಪಾಸಿಟರುಗಳಲ್ಲಿ ಯಾವುದಾದರೂ ಬಿಸಿಯಾಗಿದೆಯೇ ಎಂದು ನೋಡಬೇಕು. ಮುಚ್ಚಳದ ತೂತುಗಳಿಗೆ ಗಾಳಿ ತಡೆಯುವಂತೆ ಸೆಟ್ಟನ್ನು ಗೋಡೆಗೆ ಒತ್ತಿ ಇಡಬಾರದು. ಗುಂಡಿಗಳ ತಿರುಪುಗಳು ಚಾಸಿಗೆ ಸೇರಿರುವುದರಿಂದ ಕಳೆದುಹೋದ ಗುಂಡಿಗಳ ಜಾಗದಲ್ಲಿ ಲೋಹದ ದಂಡ ಹೊರಗೆ ಕಾಣುವಂತಿರಬಾರದು. ಬದಲಿಸಿದ ಬಿಡಿಭಾಗಗಳ ಪಟ್ಟಿಯನ್ನು, ಅಳೆದ ಎಚ್‌ಟಿ, ಬೂಸ್ಟ್ ಮತ್ತು ಇಎಚ್‌ಟಿ ವೋಲ್ಟೇಜುಗಳ ಜೊತೆಗೆ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದರೆ, ಮುಂದೆ ಈ ಸೆಟ್ಟನ್ನು ತೆರೆಯುವವರು ಅಲ್ಲಿಂದಲೇ ಕೆಲಸ ಮುಂದುವರಿಸಬಹುದು.